ರಾಜ ಹರಿಯದ ಕಾಗದ

ಹರಿದ ಸದ್ದು ಇವತ್ತು ಬೇರೆ, ದಪ್ಪ, ಗಂಟಲು ಕಟ್ಟಿದವರು ಕೆಮ್ಮಿದ ಹಾಗೆ — ಪರದೆಯ ಮರೆಯಲ್ಲಿ ಕುಳಿತವನ ಕಿವಿ ನಿಮಿರಿತು, ಎಂಟು ವರ್ಷದಿಂದ ಈ ನಾಟಕದ ಖಡ್ಗ, ಕಿರೀಟ, ವಿಷದ ಬಟ್ಟಲುಗಳ ಪೆಟ್ಟಿಗೆ ಕಾಯುತ್ತಿರುವ, ಎಲ್ಲರೂ ಪೆಟ್ಟಿಗೆಯಣ್ಣ ಎಂದೇ ಕರೆಯುವ ಇವನಿಗೆ ತನ್ನ ಕಾಗದದ ಸದ್ದು ಗೊತ್ತಾಗದೆ ಇದ್ದೀತೇ, ದಿನಾ ಮಧ್ಯಾಹ್ನ ಉಂಡು ಕೈತೊಳೆದು ಹೊಸ ಹಾಳೆಯಲ್ಲಿ ಇವನು ಬರೆದು ನಾಟಕದ ದಪ್ಪ ಕವರಿಗೆ ಹಾಕುವುದು, ಐದು ಗಂಟೆಯೊಳಗೆ ರಾಜ ಹಾಳೆ ಹೊರತೆಗೆದು ಹರಿಯುವುದು, ತಾನು ತಪ್ಪು ಮಾಡಿಲ್ಲ ಎಂದು ರಾಣಿ ಸೆರೆಯಿಂದ ಕಳಿಸಿದ ಕಾಗದ ಅದು, ರಾಜ ನಂಬದೆ ಚಿಂದಿ ಮಾಡುತ್ತಾನೆ, ಆಮೇಲೆ ಗಂಟೆ ಮೊಳಗಿದಾಗ ಅವಳು ವಿಷ ಕುಡಿದಳೆಂದು ತಿಳಿದು ಕುಸಿಯುತ್ತಾನೆ, ಜನ ಮೂಗೊರೆಸಿಕೊಳ್ಳುತ್ತಾರೆ. ಆ ಗಂಟೆಯ ಹಗ್ಗವೂ ಇವನ ಕೈಯಲ್ಲೇ. ಕಾಗದದಲ್ಲಿ ಏನಿದ್ದರೇನು, ರಾಜನಿಗೆ ಮಾತೆಲ್ಲ ಬಾಯಿಪಾಠ, ಮೊದಮೊದಲು ಸುಮ್ಮನೆ ಗೆರೆ ಗೀಚಿ ಕೊಡುತ್ತಿದ್ದ, ಆರು ವರ್ಷದ ಹಿಂದೆ ಹೆಂಡತಿ ತನ್ನ ತಮ್ಮನ ಮನೆಗೆ ಹೊರಟುಹೋದ ಮೇಲೆ ಅವಳಿಗೇ ಬರೆಯತೊಡಗಿದ, ನೀನಿಲ್ಲದೆ ಮನೆಯಲ್ಲಿ ನಲ್ಲಿ ಸೋರುವುದೂ ಜೋರಾಗಿ ಕೇಳುತ್ತದೆ, ನಿನ್ನ ಚಪ್ಪಲಿ ಬಾಗಿಲ ಹಿಂದೆ ಹಾಗೇ ಇದೆ, ನಿನ್ನೆ ಎರಡು ಲೋಟ ಕಾಫಿ ಮಾಡಿಬಿಟ್ಟೆ. ವಿಳಾಸ ಬರೆದು ಅಂಚೆಚೀಟಿ ಅಂಟಿಸಿದ ಲಕೋಟೆಯೂ ಅಂಗಿಯ ಜೇಬಿನಲ್ಲಿ ಸಿದ್ಧ, ಆದರೆ ಕಾಗದ ಮಾತ್ರ ದಿನಾ ರಾಜನ ಕೈಗೆ. ಹರಿದದ್ದು ರಾಜ ತಾನೇ, ನಾನೇನು ಮಾಡಲಿ — ಎಂಥ ಸುಲಭದ ನೆವ ಹುಡುಕಿಕೊಂಡೆಯಪ್ಪಾ ಮಹಾರಾಯ.

ರಾಣಿಗೇನು, ಸತ್ತು ಹತ್ತು ನಿಮಿಷಕ್ಕೆ ಎದ್ದು ಬಂದು ಅಣ್ಣಾ ಟೀ ಇದ್ಯಾ ಅಂತಾಳೆ. ಮನೆಯಲ್ಲಿ ಯಾರೂ ವಿಷ ಕುಡಿಯಲಿಲ್ಲ, ಖಡ್ಗ ಎತ್ತಲಿಲ್ಲ, ಒಂದು ತಟ್ಟೆ ಕೂಡ ಒಡೆಯಲಿಲ್ಲ. ಅವಳ ತಾಯಿ ತೀರಿಕೊಂಡ ದಿನ ಗಂಟೆ ಹೊಡೆಯಲು ಬೇರೆ ಜನವಿಲ್ಲ ಎಂದು ಇವನು ಹೋಗಲಿಲ್ಲ, ಅಷ್ಟೇ, ಅತ್ತೆಯನ್ನು ಹೊತ್ತೊಯ್ಯುವ ಹೊತ್ತಿಗೆ ಸುಳ್ಳು ರಾಣಿಗಾಗಿ ಹಗ್ಗ ಜಗ್ಗುತ್ತಿದ್ದ. ನಿಜವಾಗಿ ಸತ್ತೋರಿಗೆ ನಿಮ್ಮ ಹತ್ರ ಪುರುಸೊತ್ತಿಲ್ಲ ಅಲ್ವೇನ್ರೀ. ಕೂಗಲಿಲ್ಲ ಅವಳು, ಅನ್ನ ಬಡಿಸುತ್ತಲೇ ಅಂದಳು, ಇವನು ಸಾರು ಕಲಸುತ್ತಲೇ ಕೇಳಿಸಿಕೊಂಡ, ಇಂಥ ಜಗಳಕ್ಕೆ ಯಾರು ಟಿಕೆಟ್ ತೆಗೆದುಕೊಂಡು ಬರುತ್ತಾರೆ.

ಪೆಟ್ಟಿಗೆಯಣ್ಣ — ರಾಜ ಒಳಗೆ ಬಂದ, ಖಾಯಂ ರಾಜನಿಗೆ ಜ್ವರ, ಇವತ್ತಿನವನು ಹೊಸಬ, ಬಣ್ಣದ ಕೆಳಗೆ ಬೆವರು — ತಪ್ಪು ತಿಳ್ಕೋಬೇಡಿ, ನಾನು ಅದನ್ನ ಓದ್ಬಿಟ್ಟೆ, ಅಷ್ಟು ಜನರ ಮುಂದೆ ನಿಂತ್ಕೊಂಡು ಓದ್ಬಿಟ್ಟೆ ಕಣಣ್ಣ, ಹರಿಯೋಕೆ ಕೈಯೇ ಬರ್ಲಿಲ್ಲ, ಮೇಲಿನ ಕವರ್ ಹರಿದು ಹಾಕ್ದೆ, ತಗೊಳ್ಳಿ. ಓಹೋ, ಅದಕ್ಕೇ ದಪ್ಪ ಸದ್ದು. ಬೇರೊಬ್ಬರ ಕಾಗದ ಓದೋದು ಯಾವ ಮರ್ಯಾದೆಯಯ್ಯಾ ಎಂದು ಗದರಬೇಕಿತ್ತು, ಕೈ ಚಾಚಿ ಕಾಗದ ತೆಗೆದುಕೊಂಡ. ಅತ್ತಿಗೆಗೆ ಕಳ್ಸಿ ಅಣ್ಣ, ಎಂದು ರಾಜ ಮತ್ತೆ ರಂಗಕ್ಕೆ ಓಡಿದ.

ಹರಿಯದ ಹಾಳೆ, ಇಡೀ ಹಾಳೆ, ಆರು ವರ್ಷದಲ್ಲಿ ಮೊದಲ ಸಲ. ಜೇಬಿನ ಲಕೋಟೆಗೆ ಸರಿಯಾಗಿ ಕೂತಿತು. ಪಕ್ಕದ ಬಾಗಿಲಾಚೆ ಬಿಸಿಲು, ತಿರುವಿನಲ್ಲಿ ಅಂಚೆಡಬ್ಬಿ, ಅಂಚೆಯವನು ಅದರ ಬೀಗ ತೆಗೆಯುತ್ತಿದ್ದಾನೆ, ಐದು ಗಂಟೆ, ನಾಳೆ ಹಾಕಿದರಾಯಿತು, ನಾಳೆ ಹಳೆಯ ರಾಜ ಬರುತ್ತಾನೆ, ಅವನು ಓದುವವನಲ್ಲ, ಹರಿಯುವವನು. ಗಂಟೆಗೆ ಇನ್ನು ಎರಡೇ ಮಾತು ಬಾಕಿ. ಮನೆ ಬಿಟ್ಟ ದಿನ ಬಸ್ಸಿನ ಕಿಟಕಿಯಲ್ಲಿ ಅವಳು, ಕಂಬಿಯ ಮೇಲೆ ನಾಲ್ಕು ಬೆರಳು, ಏನಾದ್ರೂ ಹೇಳ್ತೀರಾ ಎಂದು ಕಾಯುತ್ತಿದ್ದಳು, ಇವನು ಕೇಳಿದ್ದು ಕೊಡೆ ತಗೊಂಡ್ಯಾ. ಆ ಬೆರಳ ಮೇಲೆ ಕೈ ಇಟ್ಟಿದ್ದರೆ ಸಾಕಿತ್ತು, ಎಷ್ಟು ದೂರ, ಒಂದು ಗೇಣು. ಕೈ ಹಗ್ಗ ಬಿಟ್ಟಿತು, ಕಾಲು ಮೆಟ್ಟಿಲಿಳಿಯಿತು, ಬೆನ್ನ ಹಿಂದೆ ರಾಜ ಗಂಟೆಯ ಮಾತನ್ನು ಹೇಳಿದ, ಮತ್ತೆ ಹೇಳಿದ, ಮೂರನೆಯ ಸಲ ಇನ್ನೂ ಜೋರಾಗಿ, ಗಂಟೆಯಿಲ್ಲದೆ ರಾಣಿ ಸಾಯಲಾರಳು, ಇರಲಿ ಬಿಡಿ, ಒಂದು ದಿನ ಬದುಕಿಕೊಳ್ಳಲಿ, ಹಾಳೆಯಲ್ಲಿ ಬರೆದದ್ದು ಇಷ್ಟೇ, ನಿನ್ನನ್ನು ನೋಡಬೇಕು ಕಣೇ, ಬಾಗಿಲು ತೆಗೆಯದಿದ್ದರೂ ಸರಿ, ಹೊಸ್ತಿಲಲ್ಲಿ ನಿಂತಿರುತ್ತೇನೆ. ಕೊಡಿ ಯಜಮಾನ್ರೇ, ಅಂಚೆಯವನು ಲಕೋಟೆಯ ಆ ತುದಿ ಹಿಡಿದ, ಈ ತುದಿ ಇವನ ಕೈಯಲ್ಲಿ, ಬಿಡಿ ಅಂದ್ರೆ, ಇಷ್ಟು ಗಟ್ಟಿಯಾಗಿ ಹಿಡ್ಕೊಂಡ್ರೆ ಹೇಗೆ, ಹರಿದುಹೋಗುತ್ತೆ — ಕಂಬಿಯ ಮೇಲೆ ನಾಲ್ಕು ಬೆರಳು, ಬಸ್ಸು ಇನ್ನೂ ಹೊರಟಿಲ್ಲ, ನಾಲ್ಕು ಬೆರಳು