ಬಟ್ಟಲಜ್ಜಿ ಮತ್ತು ಎರಡು ಎಡತೋಳು

ನಮ್ಮ ಹೊಲಿಗೆ ಅಂಗಡಿಯ ಕಟಿಂಗ್ ಮೇಜಿನ ಮೇಲೆ, ಬಟ್ಟೆ ಜಾರದ ಹಾಗೆ ಭಾರಕ್ಕೆಂದು, ಒಂದು ದಪ್ಪ ತಾಮ್ರದ ಬಟ್ಟಲಿದೆ. ಅಜ್ಜನ ಕಾಲದಿಂದಲೂ ಅದಕ್ಕೆ ಅದೊಂದೇ ಕೆಲಸ. ಎರಡು ತಿಂಗಳ ಹಿಂದೆ, ಗಿರಾಕಿಗಳಿಲ್ಲದ ಒಂದು ಬೆಳಿಗ್ಗೆ, ಸ್ಟೂಲಿನ ಮೇಲೆ ಕೂತು ಅದನ್ನು ನಿಂಬೆಸಿಪ್ಪೆ ಹಾಕಿ ತಿಕ್ಕತೊಡಗಿದೆ.

"ಮೆತ್ತಗೆ ತಿಕ್ಕೇ! ಯಾರ ಮೇಲಿನ ಸಿಟ್ಟು ನನ್ನ ಮೇಲೆ ತೀರಿಸ್ಕೊಳ್ತಿದೀಯ?" ಎಂದು ಬಟ್ಟಲು ಬೈಯಿತು.

ನಾನು ಸ್ಟೂಲಿನಿಂದ ದೊಪ್ಪನೆ ಬಿದ್ದು ಸೊಂಟ ಉಳುಕಿಸಿಕೊಂಡೆ. "ಎರಡೂ ಕೈಯಲ್ಲಿ ಹಿಡ್ಕೋ ನನ್ನ. ಎಲ್ಲಿ ನೋವು, ಬಾಯಿಬಿಟ್ಟು ಹೇಳು," ಎಂದಿತು ಅದೇ ದನಿ. ಹೇಳಿದೆ. ಬಟ್ಟಲು ಬೆಚ್ಚಗಾಯಿತು, ಸೊಂಟ ನೆಟ್ಟಗಾಯಿತು.

ಒಳಗಿದ್ದವಳು ಆ ಬಟ್ಟಲನ್ನು ಮಾಡಿದವಳೇ. ಸಾವಿರಾರು ವರ್ಷಗಳ ಹಿಂದಿನ ವೈದ್ಯೆ. ಮುಪ್ಪು ಬಂದಾಗ, ಇಷ್ಟು ಕಲಿತದ್ದು ಮಣ್ಣುಪಾಲಾಗಬಾರದೆಂದು, ತಾನೇ ತಟ್ಟಿ ಮಾಡಿದ ಬಟ್ಟಲಿಗೆ ತನ್ನ ಮನಸ್ಸನ್ನು ಇಳಿಸಿ ಕೂತಳಂತೆ. ಇತ್ತೀಚೆಗೆ ಯಾರೂ ಮಾತಾಡಿಸದೆ ತೂಕಡಿಸುತ್ತಿದ್ದಳಂತೆ. ನಾನೂ ಅಕ್ಕನೂ ಅವಳಿಗೆ ಬಟ್ಟಲಜ್ಜಿ ಎಂದು ಹೆಸರಿಟ್ಟೆವು.

ಇಸ್ತ್ರಿಯವನ ಬೆನ್ನು ಸರಿಹೋಯಿತು. ಎದುರಿನ ಹೂವಿನಂಗಡಿಯಾಕೆಯ ಕೆಮ್ಮು ನಿಂತಿತು. ಒಂದು ಗುಂಡಿ ಹಾಕಿಸುವ ನೆಪದಲ್ಲಿ ಬೀದಿಗೆ ಬೀದಿಯೇ ಬಂದು ಹೋಯಿತು. ಅಜ್ಜಿಯ ಕಟ್ಟಳೆ ಒಂದೇ: ನೋವು ಇದ್ದವರು ತಮ್ಮ ಬಾಯಿಂದಲೇ ಹೇಳಬೇಕು. ಇನ್ನೊಬ್ಬರು ಹೇಳಿದರೆ ನಡೆಯದು.

ಆ ಕಟ್ಟಳೆಗೆ ಸಿಕ್ಕದವಳು ನಮ್ಮಕ್ಕ ಒಬ್ಬಳೇ.

ಅಕ್ಕ ಅಂಗಡಿಯ ಕಟಿಂಗ್ ಮಾಸ್ಟರ್. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದು ಅವಳ ಕತ್ತರಿ. ನಾನು ಮಿಷನ್ ಮೇಲೆ ಗಾಳಿಯಂತೆ ಹೊಲಿಯುತ್ತೇನೆ, ಆದರೆ ಹೊಸ ಬಟ್ಟೆಗೆ ಕತ್ತರಿ ಇಡಬೇಕೆಂದರೆ ನನ್ನ ಜೀವ ಬಾಯಿಗೆ ಬರುತ್ತದೆ. ಅಂಥದ್ದರಲ್ಲಿ ಅಕ್ಕ ಕೆಲವು ವಾರಗಳಿಂದ ಬಲಗೈ ಹೆಬ್ಬೆರಳನ್ನು ಏಪ್ರನ್ನಿನ ಜೇಬಿನಲ್ಲಿ ಬಚ್ಚಿಡುತ್ತಿದ್ದಳು. ಆ ಬೆರಳು ಹೋದರೆ ಅಂಗಡಿ ಹೋಗುತ್ತದೆ. ಅಂಗಡಿ ಹೋದರೂ ನಾನು ಹೇಗೋ ಬದುಕಿಯೇನು, ಕತ್ತರಿ ಇಲ್ಲದೆ ಅಕ್ಕ ಒಂದು ದಿನವೂ ಅಕ್ಕನಾಗಿ ಇರಲಾರಳು. ನನಗಿದ್ದ ಭಯ ಅದು.

"ಅಕ್ಕಾ, ಒಂದ್ಸಲ ಬಟ್ಟಲು ಹಿಡ್ಕೊಳ್ಳೇ."

"ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ. ನೀನು ಕಾಲರ್ ನೆಟ್ಟಗೆ ಕೂರಿಸು."

"ಇಂಥ ಹಟಮಾರಿನ ನಾನು ಸಾವಿರಾರು ವರ್ಷದಲ್ಲಿ ನೋಡಿಲ್ಲ," ಎಂದು ಬಟ್ಟಲಜ್ಜಿ ಗೊಣಗಿದಳು.

ಅಷ್ಟರಲ್ಲಿ ಹೆಡ್‌ಮೇಷ್ಟ್ರ ಕೋಟು ಹೊಲಿಯುವ ಕೆಲಸ ಬಂತು. ಶನಿವಾರ ಅವರಿಗೆ ಶಾಲೆಯಲ್ಲಿ ಬೀಳ್ಕೊಡುಗೆ. ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ತಂದ ಕಡುನೀಲಿ ಉಣ್ಣೆ ಬಟ್ಟೆ, ಒಂದು ಮಗ್ಗುಲು ಮಿರಮಿರ, ಇನ್ನೊಂದು ಮಂಕು. ಅಕ್ಕ ನನ್ನನ್ನು ನೂಲು ತರಲು ಅಟ್ಟಿ, ಒಬ್ಬಳೇ ಇದ್ದಾಗ ಕತ್ತರಿಸಿ ಮುಗಿಸಿದ್ದಳು.

ಶುಕ್ರವಾರ ಮಧ್ಯಾಹ್ನ ತೋಳು ಕೂರಿಸಲು ಹೊರಟೆ. ಮೊದಲನೆಯದು ಬೆಣ್ಣೆಯ ಹಾಗೆ ಕೂತಿತು. ಎರಡನೆಯದರ ಮೊಣಕೈ ಹಿಂದುಮುಂದಾಗಿ ಬಾಗಿತ್ತು. ತಿರುಗಿಸಿದರೆ ಮಂಕು ಮಗ್ಗುಲು ಹೊರಗೆ. ಎರಡೂ ಎಡಗೈಯ ತೋಳುಗಳೇ!

ನನಗೆ ನಗು ಬಂತು, ಆಮೇಲೆ ಕಾರಣ ಹೊಳೆಯಿತು. ತೋಳು ಕತ್ತರಿಸುವವರು ಬಟ್ಟೆಯನ್ನು ಎರಡು ಪದರ ಮಡಚಿ ಒಂದೇ ಏಟಿಗೆ ಕತ್ತರಿಸುತ್ತಾರೆ. ಆಗ ಎಡ ಬಲ ತಾವೇ ಜೋಡಿಯಾಗಿ ಬರುತ್ತವೆ. ಒಂದೊಂದೇ ಪದರ ಕತ್ತರಿಸಿ, ಎರಡನೇ ಸಲ ಕಾಗದದ ಅಚ್ಚನ್ನು ಮಗುಚಲು ಮರೆತರೆ ಮಾತ್ರ ಹೀಗಾಗುತ್ತದೆ. ನಲವತ್ತು ವರ್ಷ ಎರಡು ಪದರ ಕತ್ತರಿಸಿದವಳು ಒಂದು ಪದರಕ್ಕೆ ಇಳಿಯಬೇಕಾದರೆ ಆ ಕೈಯಲ್ಲಿ ಇನ್ನೆಷ್ಟು ಬಲ ಉಳಿದಿತ್ತು?

ತೋಳುಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಅಕ್ಕ ನೋಡಿದಳು. ನೋಡುತ್ತಲೇ ಕೂತಳು.

"ಮೇಷ್ಟ್ರಿಗೆ ಎರಡು ಎಡಗೈ ಇದ್ರೆ ಸರಿಹೋಗ್ತಿತ್ತು," ಎಂದೆ.

ಅಕ್ಕ ನಗಲು ಹೋಗಿ ಅತ್ತುಬಿಟ್ಟಳು. ಅವಳು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು. ನಾನೇ ಬಟ್ಟಲನ್ನು ತಂದು ಅವಳ ಕೈಗೆ ಕೊಟ್ಟೆ.

"ಹೇಳು ಮಗಳೇ," ಎಂದಳು ಅಜ್ಜಿ. ಈ ಸಲ ಗೊಣಗಲಿಲ್ಲ.

"ಹೆಬ್ಬೆರಳು, ಅಜ್ಜಿ. ಮಡಚಿದ್ರೆ ಬಿಚ್ಚಲ್ಲ. ಬಿಚ್ಚಿದ್ರೆ ಪ್ರಾಣ ಹೋಗತ್ತೆ. ಹೇಳಿದ್ರೆ ಇವಳು ಹೆದರ್ತಾಳೆ ಅಂತ ಹೇಳ್ಲಿಲ್ಲ. ನನಗೂ ಹೆದರಿಕೆ ಆಗಿತ್ತು."

ಬಟ್ಟಲು ಬೆಚ್ಚಗಾಯಿತು. ಎಷ್ಟೋ ಹೊತ್ತು ಹಾಗೇ ಇತ್ತು. ಅಕ್ಕ ಹೆಬ್ಬೆರಳನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಕಣ್ಣೊರೆಸಿಕೊಂಡು ಉಳಿದ ಬಟ್ಟೆಯನ್ನು ಹಾಸಿದಳು. ಒಂದು ತೋಳಿಗೆ ಅಳೆದಿಟ್ಟಷ್ಟೇ ಇತ್ತು, ತಪ್ಪಿದರೆ ಇನ್ನೊಂದು ಅವಕಾಶವಿಲ್ಲ. ಅಚ್ಚನ್ನು ಮಗುಚಿಟ್ಟು, ನನ್ನ ಕಡೆ ಒಮ್ಮೆ ನೋಡಿ, ಎಲ್ಲೂ ನಿಲ್ಲಿಸದೆ ಕರಕರನೆ ಕತ್ತರಿಸಿದಳು. ಆ ಸದ್ದು ಕೇಳಿ ನನ್ನ ಹೊಟ್ಟೆ ತಣ್ಣಗಾಯಿತು.

"ದಿನಕ್ಕೆ ಅರ್ಧ ಕೆಲಸ ಮಾತ್ರ. ಮಿಕ್ಕಿದ್ದು ತಂಗಿಗೆ ಕಲಿಸು," ಎಂದಳು ಅಜ್ಜಿ. ನಾನು ಕೇಳಿಸದವಳ ಹಾಗೆ ಮಿಷನ್ನಿಗೆ ಎಣ್ಣೆ ಬಿಡತೊಡಗಿದೆ.

ಅಕ್ಕ ಬಟ್ಟಲನ್ನು ಜಾಗಕ್ಕಿಡಲು ಎತ್ತಿದವಳು ಅದರ ಅಡಿಯನ್ನು ಬೆಳಕಿಗೆ ಹಿಡಿದಳು. "ಅಜ್ಜಿ, ನಿಮಗೆಲ್ಲಿ ನೋವು?"

"ನನಗೇನಾಗಿದೆ? ತಾಮ್ರ ನಾನು."

"ನಿಮ್ಮ ಕಟ್ಟಳೆ ನಿಮಗೂ ಒಂದೇ. ಬಾಯಿಬಿಟ್ಟು ಹೇಳ್ಬೇಕು."

ಅಕ್ಕ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಅಡಿಯಲ್ಲಿ ಒಂದು ಬಿರುಕಿದೆ," ಎಂದಳು ಅಜ್ಜಿ ಮೆಲ್ಲಗೆ. "ನಿಮ್ಮಜ್ಜ ಮೇಜಿನ ಮೇಲೆ ಕುಕ್ಕಿ ಇಟ್ಟಾಗಿನಿಂದ. ಪ್ರತಿಸಲ ಕುಕ್ಕಿದಾಗಲೂ ಚುರ್ ಅನ್ನತ್ತೆ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಎಲ್ಲರನ್ನೂ ನಾನೇ ಕೇಳ್ತಾ ಬಂದೆ. ನನ್ನ ಯಾರೂ ಕೇಳ್ಲಿಲ್ಲ ಮಗಳೇ."

ಅಕ್ಕ ಕತ್ತರಿಯನ್ನು ನನ್ನ ಕೈಯಲ್ಲಿಟ್ಟು, ಹೆಚ್ಚಾಗಿ ಉಳಿದ ಎಡತೋಳನ್ನು ತೋರಿಸಿದಳು. ನಾನು ಉಸಿರು ಬಿಗಿಹಿಡಿದು ಅದನ್ನು ದುಂಡಗೆ ಕತ್ತರಿಸಿದೆ. ಅಷ್ಟೇನೂ ದುಂಡಗೆ ಬರಲಿಲ್ಲ. ಹತ್ತಿ ತುಂಬಿ, ಬಾಯಿ ಹೊಲಿದು ಮೆತ್ತೆ ಮಾಡಿ, ಬಟ್ಟಲನ್ನು ಅದರ ಮೇಲೆ ಕೂರಿಸಿದೆವು.

ಬಟ್ಟಲಜ್ಜಿ ಒಂದು ನಿಟ್ಟುಸಿರು ಬಿಟ್ಟಳು.

"ಎಡಗಡೆ ಇನ್ನೊಂದು ಚೂರು ಹತ್ತಿ ತುಂಬ್ರೇ," ಎಂದಳು.