ಪ್ಯೋ ಹೆಡ್‌ಮಾಸ್ಟರ ಹೂಸು

ವರ್ಷಗಟ್ಟಲೆ ದಪ್ಪ ದಪ್ಪ ವೈದ್ಯಕೀಯ ಪುಸ್ತಕ ಉರು ಹೊಡೆದ ವಿದ್ಯಾರ್ಥಿನಿ ಸೊಯಂಗ್‌ಗೆ ಕೊರಿಯಾದ ಮೋಕ್ಪೋ ಊರಿನ ಆಸ್ಪತ್ರೆಯಲ್ಲಿ ಸಿಕ್ಕ ಮೊದಲ ಜವಾಬ್ದಾರಿ ಏನು ಗೊತ್ತೇ? ಬೆಳಗಾದರೆ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಹೂಸು ಬಂತೇ ಎಂದು ವಿಚಾರಿಸುವುದು. ಹೊಟ್ಟೆ ಕೊಯ್ಸಿಕೊಂಡವರಿಗೆ ಕೆಳಗಿನಿಂದ ಗಾಳಿ ಹೋಗುವ ತನಕ ಅಲ್ಲಿ ಒಂದು ಗುಟುಕು ಗಂಜಿಯೂ ಇಲ್ಲ. ಕರುಳು ಎಚ್ಚರವಾಯಿತು ಎನ್ನುವುದಕ್ಕೆ ಅದೇ ಗುರುತು.

ಗಾಳಿ ಬಿಟ್ಟವರೆಲ್ಲ ಪರೀಕ್ಷೆ ಪಾಸಾದವರಂತೆ ಬೀಗುತ್ತಿದ್ದರು. ಆಕ್ಟೋಪಸ್ ಮಾರುವ ಚೋನ್ ಅಂತೂ ಹೆಂಡತಿಗೆ ಫೋನು ಮಾಡಿ ಸಾರಿದ್ದ. ಅವನ ಪಕ್ಕದ ಹಾಸಿಗೆಯ ಪ್ಯೋ ಹೆಡ್‌ಮಾಸ್ಟರು ಮಾತ್ರ ಕೆಲಸದಿಂದ ನಿವೃತ್ತರಾಗಿದ್ದರೇ ಹೊರತು ಗತ್ತಿನಿಂದಲ್ಲ.

"ಮೇಷ್ಟ್ರೇ, ಇವತ್ತಾದ್ರೂ ಗಾಳಿ ಹೋಯ್ತಾ?"

"ಹೆಣ್ಣುಮಗಳು ಕೇಳೋ ಮಾತೇನಮ್ಮಾ ಇದು! ಹೋಗಿಲ್ಲ."

"ಹೋಗಿದ್ರೆ ಹೇಳ್ಬಿಡಿ, ನಾಚ್ಕೋಬೇಡಿ."

"ನಾನು ಸುಳ್ಳು ಹೇಳೋನಲ್ಲ."

"ಅದಕ್ಕೂ ಯಾರಾದ್ರೂ ಬೆಲ್ ಹೊಡೀಬೇಕೇನ್ರೀ?" ಎಂದು ಚೋನ್ ಗಂಜಿ ಸುರಿದುಕೊಳ್ಳುತ್ತಲೇ ಕಿಚಾಯಿಸಿದ.

ಹೆಡ್‌ಮಾಸ್ಟರು ಆ ಗಂಜಿಯನ್ನು ಕದ್ದು ನೋಡುವುದು ಕಂಡು ಸೊಯಂಗ್‌ಗೆ ಕರುಳು ಚುರ್ ಎಂದಿತು. ಇವತ್ತೂ ಗಾಳಿ ಹೋಗದಿದ್ದರೆ ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸುವುದೆಂದು ಪ್ರೊಫೆಸರ್ ಮಿನ್ ಹೇಳಿಯಾಗಿತ್ತು.

ಅಷ್ಟರಲ್ಲಿ ಪ್ರೊಫೆಸರು ಬಿಳಿ ಕೋಟುಗಳ ದಂಡು ಕಟ್ಟಿಕೊಂಡು ಬಂದೇಬಿಟ್ಟರು. ಅವರೆದುರು ಕಿರಿಯರು ಸೊಂಟ ಪೂರಾ ಬಗ್ಗಿಸಿ ವಂದಿಸಬೇಕು. ಸೊಯಂಗ್ ಬಗ್ಗಿದಳು. ಬೆಳಿಗ್ಗೆ ಆಸ್ಪತ್ರೆಯ ಗೇಟಿನ ಬಳಿ ಗಬಗಬನೆ ನುಂಗಿದ ಸುಟ್ಟ ಗೆಣಸು ಸಮಯ ನೋಡಿ ಕೈಕೊಟ್ಟಿತು.

ಪರ್‍ರ್!

ಪ್ರೊಫೆಸರ ಮುಖ ಅರಳಿತು. "ಯಾರದು?"

ಹೆಡ್‌ಮಾಸ್ಟರು ಹುಡುಗಿಯ ಮುಖ ನೋಡಿದರು. ಅದು ಕೆಂಪಗೆ ಸುಡುತ್ತಿತ್ತು. ಅವರು ಗಂಟಲು ಸರಿಮಾಡಿಕೊಂಡು, "ನನ್ನದು" ಎಂದರು.

"ಭೇಷ್! ಮೇಷ್ಟ್ರಿಗೆ ಗಂಜಿ ಕೊಡಿ."

ಅಯ್ಯೋ ದೇವರೇ! ಮಲಗಿರುವ ಕರುಳಿಗೆ ಗಂಜಿ ಸುರಿದರೆ ಮುದುಕರು ವಾಂತಿ ಮಾಡಿಕೊಂಡು ಹೊಲಿಗೆ ಬಿಚ್ಚಿಕೊಂಡಾರು. ತಾನು ನಿಜ ಬಾಯಿ ಬಿಟ್ಟರೋ, ಓದು ಮುಗಿಯುವವರೆಗೂ ತನಗೆ ಒಂದೇ ಅಡ್ಡಹೆಸರು. ಸೊಯಂಗ್ ಕಣ್ಣು ಮುಚ್ಚಿಕೊಂಡಳು.

"ಸಾರ್, ಅವರಿಗೆ ಗಂಜಿ ಕೊಡ್ಬೇಡಿ. ಅದು ನಂದು."

ಪ್ರೊಫೆಸರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಹಾಗಾದ್ರೆ ಗಂಜಿ ನಿನಗೇ ಕೊಡ್ಸೋಣ."

ಚೋನ್ ಗಂಜಿ ಉಗುಳಿಕೊಂಡು ನಕ್ಕ. ಬಿಳಿ ಕೋಟುಗಳೂ ಕಿಸಕ್ಕೆಂದವು. ಕೊನೆಗೆ ಹೆಡ್‌ಮಾಸ್ಟರಿಗೂ ತಡೆಯಲಾಗಲಿಲ್ಲ. ದಿಂಬನ್ನು ಹೊಟ್ಟೆಗೆ ಅವುಚಿಕೊಂಡು, "ಅಯ್ಯೋ, ಹೊಲಿಗೆ! ನಗಿಸಬೇಡ್ರೋ!" ಎಂದು ಕಣ್ಣೀರು ಬರುವ ಹಾಗೆ ನಕ್ಕರು. ಆ ನಗುವಿನ ನಡುವೆ ಅವರ ಕಂಬಳಿಯ ಕೆಳಗಿನಿಂದ ಉದ್ದನೆಯ, ನಿಧಾನದ ಒಂದು ಸದ್ದು ಹೊರಟಿತು.

ಎಲ್ಲರೂ ಸೊಯಂಗ್ ಕಡೆ ತಿರುಗಿದರು.

"ಈ ಸಲ ನಾನಲ್ಲ ಸಾರ್!"

"ನಾನು ಸಾಕ್ಷಿ," ಎಂದು ಚೋನ್ ಮೂಗು ಮುಚ್ಚಿಕೊಂಡ. "ಇದು ಈ ಕಡೆಯಿಂದ್ಲೇ ಬಂದಿದ್ದು."

ಆಯುಷ್ಯವೆಲ್ಲ ಮಕ್ಕಳಿಂದ ಕೈ ಎತ್ತಿಸಿದ್ದ ಪ್ಯೋ ಹೆಡ್‌ಮಾಸ್ಟರು ಕಣ್ಣೊರೆಸಿಕೊಂಡು ಮೆಲ್ಲಗೆ ತಮ್ಮ ಕೈ ಎತ್ತಿದರು.

"ಈಗ ನನ್ನದೇ. ಗಂಜಿ ತನ್ನಿ."