ಒಂದು ಗಿಡಕ್ಕೆ ಒಂದೇ ಹೂ

“ಗುಲಾಬಿಯಕ್ಕ, ಈ ಸೇವಂತಿಗೆ ಎಲ್ಲಿಂದ ಕೊಯ್ದದ್ದು?”

ನಿಶ್ಮಿತಾಳ ಕೈಯಲ್ಲಿದ್ದ ಲೋಟ ವಾಲಿ ಕಾಫಿ ನೆಲಕ್ಕೆ ಚೆಲ್ಲುತ್ತಿತ್ತು; ಅವಳಿಗೆ ಅದರ ಪರಿವೆಯೇ ಇರಲಿಲ್ಲ. ದೇವರ ಗೂಡಿನಲ್ಲಿ ಕೃಷ್ಣನ ಪಟಕ್ಕೆ ಮಾಲೆ ಬಿದ್ದಿತ್ತು. ಒಂದೊಂದು ಹೂವೂ ಊಟದ ಬಟ್ಟಲಿನಷ್ಟು ದೊಡ್ಡದು. ಏಳೇ ಏಳು ಹೂವಿನಲ್ಲಿ ಪಾಪ, ಕೃಷ್ಣ ಮುಳುಗಿಯೇ ಹೋಗಿದ್ದ.

“ಪಕ್ಕದ ಮನೆಯದ್ದು ಮಾರಾಯ್ತಿ. ಬೇಲಿಯೂ ಇಲ್ಲ. ದೇವರಿಗೆ ತಾನೆ!” ಎಂದಳು ಗುಲಾಬಿ, ಹೆಮ್ಮೆಯಿಂದ. “ನೂಲು ಸಿಗ್ಲಿಲ್ಲ. ನಿಮ್ಮ ಬಾತ್‌ರೂಮಲ್ಲಿ ಹಲ್ಲಿನ ಸಂದು ಕ್ಲೀನ್ ಮಾಡುವ ಫ್ಲಾಸ್ ದಾರ ಇತ್ತಲ್ಲ, ಅದರಲ್ಲೇ ಕಟ್ಟಿದೆ.”

ಅವಳ ಮಟ್ಟಿಗೆ ಇದರಲ್ಲಿ ತಪ್ಪೇನಿತ್ತು? ಉಡುಪಿಯಲ್ಲಿ ಬೆಳಿಗ್ಗೆ ವಾಕಿಂಗಿಗೆ ಹೊರಟ ಹೆಂಗಸರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇದ್ದೇ ಇರುತ್ತದೆ. ಯಾರ ಕಾಂಪೌಂಡಿನ ದಾಸವಾಳವಾದರೂ ಸರಿ, ದೇವರ ಹೆಸರು ಹೇಳಿದರೆ ಮನೆಯವರು ಗೊಣಗಿ ಸುಮ್ಮನಾಗುತ್ತಾರೆ. ಅಲ್ಲಿ ಇಪ್ಪತ್ತೆರಡು ವರ್ಷ ಗಣಿತ ಕಲಿಸಿದ ಗುಲಾಬಿ, ಈಗ ಅಮೆರಿಕದ ಓಕ್ಲ್ಯಾಂಡಿನ ಶಾಲೆಯೊಂದಕ್ಕೆ ಟೀಚರಾಗಿ ಬಂದು ಮೂರು ತಿಂಗಳಾಗಿತ್ತು. ಶನಿವಾರ ಭಾನುವಾರ ಆರಾಮವಾಗಿ ಇದ್ದು ಹೋಗಲಿ ಎಂದು ಹಳೆಯ ಸಹೋದ್ಯೋಗಿ ನಿಶ್ಮಿತಾ ಮತ್ತು ಅವಳ ಗಂಡ ಉಲ್ಲಾಸ್ ಗಿಲ್‌ರಾಯ್ ಊರಿನ ತಮ್ಮ ಮನೆಗೆ ಕರೆತಂದಿದ್ದರು. ನಿನ್ನೆ ನೀರುದೋಸೆ ತಿನ್ನುತ್ತಾ ಗುಲಾಬಿ ತನ್ನ ಕ್ಲಾಸಿನ ಸುದ್ದಿ ಹೇಳಿ ಇಬ್ಬರನ್ನೂ ನಗಿಸಿದ್ದಳು. “ಕಾಪಿ ಹೊಡೆದವನನ್ನು ಬೋರ್ಡಿನ ಹತ್ರ ನಿಲ್ಲಿಸಿದೆ. ಎಂತ ಮಾಡಿದ್ದು ಅಂತ ನೀನೇ ಎಲ್ಲರಿಗೂ ಹೇಳು ಅಂದೆ. ನಾವು ಬೈಯುವುದೇ ಬೇಡ ನೋಡು!”

ಒಳಗೆ ಬಂದ ಉಲ್ಲಾಸ್ ಮಾಲೆ ನೋಡಿ ತಲೆಯ ಮೇಲೆ ಕೈಹೊತ್ತು ಕುಳಿತುಬಿಟ್ಟ.

“ಅಯ್ಯೋ ದೇವರೇ! ಗುಲಾಬಿಯಕ್ಕ, ಅದು ಇವಾಸಾಕಿ ಅಜ್ಜನ ಹೂ. ನಾಳೆ ಅವರ ಜಪಾನೀ ದೇವಸ್ಥಾನದ ದೊಡ್ಡ ಹಾಲ್‌ನಲ್ಲಿ ಸೇವಂತಿಗೆ ಶೋ ಉಂಟು. ಒಂದು ಗಿಡಕ್ಕೆ ಒಂದೇ ಹೂ ಬಿಡುವುದು. ಬೇಸಿಗೆಯಿಂದ ಉಳಿದ ಮೊಗ್ಗೆಲ್ಲ ಚಿವುಟ್ತಾ ಕೂತಿದ್ರು. ತೊಂಬತ್ತು ವರ್ಷ ಅವರಿಗೆ. ಇದೇ ಕಡೇ ಸಲ, ಇನ್ನು ಕೈಲಾಗುದಿಲ್ಲ ಅಂದಿದ್ರು.”

ಗುಲಾಬಿಯ ಬೆರಳುಗಳಲ್ಲಿ ಇನ್ನೂ ಸೇವಂತಿಗೆಯ ವಾಸನೆಯಿತ್ತು. ಅದನ್ನು ಚೂಡಿದಾರಕ್ಕೆ ಒರೆಸಿಕೊಂಡಳು.

“ಜಿಂಕೆ ತಿಂದದ್ದು ಅಂತ ಹೇಳುವ,” ಎಂದ ಉಲ್ಲಾಸ್ ಮೆಲ್ಲಗೆ. “ಹೋದ ತಿಂಗಳು ನಮ್ಮ ಬಸಳೆಯನ್ನೂ ಬೋಳಿಸಿ ಹೋಗಿದಾವೆ. ನಂಬ್ತಾರೆ.”

ಆ ಸುಳ್ಳು ಎಷ್ಟು ಹಿತವಾಗಿ ಕೇಳಿಸಿತೆಂದರೆ ಗುಲಾಬಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು. ಕೃಷ್ಣನ ಕೊರಳಿನಿಂದ ಮಾಲೆ ತೆಗೆದು ಸ್ಟೀಲ್ ತಟ್ಟೆಯಲ್ಲಿಟ್ಟುಕೊಂಡು ಒಬ್ಬಳೇ ಹೊರಟಳು.

ಬಾಗಿಲು ತೆರೆದ ಅಜ್ಜನಿಗೆ ತಾನು ಟೀಚರ್ ಎಂಬುದರಿಂದ ಹಿಡಿದು ಎಲ್ಲವನ್ನೂ ಹೇಳಿದಳು. ದಿನವಿಡೀ ಮಕ್ಕಳೆದುರು ಓಡುವ ಇಂಗ್ಲಿಷು ಅಲ್ಲಿ ಹೆಜ್ಜೆಹೆಜ್ಜೆಗೂ ಎಡವಿತು. ಅಜ್ಜ ಬೈಯಲಿಲ್ಲ. ಹೂವಿಗೂ ಹೂವಿಗೂ ನಡುವಿನ ಗಂಟನ್ನು ಬೆರಳಿನಿಂದ ಸವರಿ ನೋಡಿದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು!

“ನಾಳೆ ಹತ್ತು ಗಂಟೆಗೆ ಶೋಗೆ ಬನ್ನಿ, ಟೀಚರ್,” ಎಂದು ತಟ್ಟೆ ತೆಗೆದುಕೊಂಡು ಬಾಗಿಲು ಹಾಕಿದ.

ಮರುದಿನ ದೇವಸ್ಥಾನದ ಸಭಾಂಗಣದ ತುಂಬ ಸೇವಂತಿಗೆ. ಬಿಳಿ, ಹಳದಿ, ನೇರಳೆ; ಪ್ರತಿ ಹೂವಿನ ಕೆಳಗೂ ಅದನ್ನು ಎತ್ತಿಹಿಡಿದ ಒಂದು ತಂತಿಯ ಬಳೆ. ನಡುವಿನ ಮೇಜಿನ ಹತ್ತಿರ ಬಂದ ಗುಲಾಬಿ ಗಕ್ಕನೆ ನಿಂತಳು. ಅಲ್ಲಿ ಏಳು ಕುಂಡಗಳಲ್ಲಿ ಏಳು ಬೋಳು ಕಾಂಡಗಳು. ತಂತಿಯ ಬಳೆಗಳು ಖಾಲಿ. ಮುಂದೆ ಇವಾಸಾಕಿಯ ಹೆಸರಿನ ಚೀಟಿ, ಅದರ ಪಕ್ಕ ಅವಳದೇ ಸ್ಟೀಲ್ ತಟ್ಟೆಯಲ್ಲಿ ಮಾಲೆ. ಅಜ್ಜ ಕೋಟು, ಟೈ ಹಾಕಿಕೊಂಡು ನೆಟ್ಟಗೆ ನಿಂತಿದ್ದ. ಸುತ್ತ ಜನ ಪಿಸುಗುಡುತ್ತಿದ್ದರು.

“ಇದಕ್ಕೆ ಏನಾಯ್ತು?” ಎಂದು ಪುಟ್ಟ ಹುಡುಗಿಯೊಬ್ಬಳು ಕೇಳಿದಳು.

ಅಜ್ಜ ತಲೆಯೆತ್ತಿ ಗುಲಾಬಿಯನ್ನು ನೋಡಿದ.

“ಬೆಳೆಸಿದ್ದು ನಾನು. ಅದನ್ನು ಹೇಳಿದ್ದಾಯಿತು,” ಎಂದ. “ಉಳಿದದ್ದನ್ನು ಈ ಟೀಚರ್ ಹೇಳುತ್ತಾರೆ.”

ಅವನು ಒಂದು ಹೆಜ್ಜೆ ಸರಿದು ಪಕ್ಕದಲ್ಲಿ ಜಾಗ ಬಿಟ್ಟ. ಗುಲಾಬಿ ಹೋಗಿ ಆ ಜಾಗದಲ್ಲಿ, ಜನರತ್ತ ಮುಖಮಾಡಿ ನಿಂತಳು. ತಟ್ಟೆಯ ಅಂಚಿನಿಂದ ಇಳಿಬಿದ್ದ ಫ್ಲಾಸ್ ದಾರದ ಬಿಳಿ ತುದಿ ಫ್ಯಾನಿನ ಗಾಳಿಗೆ ಅಲುಗುತ್ತಿತ್ತು.